ಮಹಾವೀರನ ಹಗ್ಗ

ಕಾಮಿಕ್ಸ್‌ಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಅವತ್ತು ಆಳಂದದ ಬಸ್ಸಿನಲ್ಲಿ ಹೊಸ ಕಥೆಯ ಪುಟ ತಿರುವುತ್ತಾ ಕೂತಿದ್ದೆ. ಸಮುದ್ರದಾಳದ ಮಹಾವೀರನಿಗೆ ಗೆಳೆಯನೇ ಮೋಸ ಮಾಡುತ್ತಾನೆ; ಕೊನೆಗೆ ಮಾಯದ ಮುತ್ತು ಮುಟ್ಟಿ ಆ ಗೆಳೆಯ ಒಳ್ಳೆಯವನಾಗುತ್ತಾನೆ. ನಿಂಬರ್ಗಾದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹಿರಿಯರು ಬಗ್ಗಿ ಮಹಾವೀರನ ಚಿತ್ರ ನೋಡಿದರು.

“ಇವನ ಹಗ್ಗ ಎಲ್ಲದ ರೀ?”

“ಯಾವ ಹಗ್ಗರಿ?”

“ನೀರಾಗ ಇಳದವನ ಹಗ್ಗ ಮ್ಯಾಲ ಒಬ್ಬಾಂವ ಹಿಡದಿರಬೇಕಲ್ರಿ! ಬಾವ್ಯಾಗ ಬಿದ್ದ ಮೋಟಾರು ಮುಳುಗಿ ತೆಗಿಯಾಂವ ನಾ. ಕೆಳಗಿಂದ ಎರಡು ಸಲ ಜಗ್ಗಿದ್ರ ಮ್ಯಾಲಿನವ ಎಳೀಬೇಕು.”

ನಾನು ಪೆನ್ಸಿಲ್ ಕೈಗೆತ್ತಿಕೊಂಡೆ. ನನ್ನ ಕಥೆಯ ಮೋಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು!

“ಅವ ಕೈಬಿಟ್ರ ಹೆಂಗ್ರಿ?”

“ಬಿಟ್ಟಿದ್ದ, ನನ್ನ ಸ್ವಂತ ತಮ್ಮ. ಹೊಲದ ಜಗಳ ನಡದಿತ್ತು. ಕಲ್ಲು ಹಿಡಕೊಂಡು ಹೆಂಗೋ ಹತ್ತಿ ಬಂದೆ.”

“ಈಗ ಯಾರು ಹಿಡೀತಾರ್ರಿ?”

“ಅವನೇ ಹಿಡೀತಾನ. ಅಂಗೈ ಸುಲದ್ರೂ ಬಿಡಂಗಿಲ್ಲ ಈಗ.”

ತಕ್ಷಣ ಮುತ್ತು ಅಳಿಸಿ ಗೆಳೆಯನ ಕೈಗೆ ಹಗ್ಗ ಬರೆದೆ. ಮಹಾವೀರನ ಸೊಂಟಕ್ಕೆ ನಾನು ಬರೆದ ಗಂಟು ಹಿರಿಯರಿಗೆ ಸರಿಬರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಸೊಂಟಕ್ಕೇ ಕಟ್ಟಿ ತೋರಿಸಿದರು. ಕಂಡಕ್ಟರ್ ನಕ್ಕ. ಆಳಂದ ಬರುವ ತನಕ ಟವೆಲ್ಲಿನ ತುದಿ ಅವರ ಕೈಯಲ್ಲೇ ಇತ್ತು; ಬಿಚ್ಚಿರಿ ಅನ್ನಲು ನನಗೂ ಮನಸ್ಸಾಗಲಿಲ್ಲ.