ಶ್ರುತಿಯಣ್ಣನ ಕುಕೀ ಸೇಡು

ಮೂವತ್ತೊಂದು ವರ್ಷದಿಂದ ಪಿಯಾನೊಗಳ ಶ್ರುತಿ ಕೂಡಿಸುತ್ತ ಬಂದವನನ್ನು ಬೀದಿಯವರೆಲ್ಲ ಶ್ರುತಿಯಣ್ಣ ಎನ್ನುತ್ತಿದ್ದರು. ತಂತಿಯಲ್ಲಿ ಎಷ್ಟೇ ಸಣ್ಣ ದೋಷವಿದ್ದರೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತೆಗೆಯುವ ಕಿವಿ ಅವನದು. ಐವತ್ತೆಂಟಕ್ಕೆ ಆ ಕಿವಿಯೇ ಕೈಕೊಟ್ಟಿತು. ಬಲತುದಿಯ ಹತ್ತು ಕೀಗಳನ್ನು ಒತ್ತಿದರೆ ಮರದ ಟಕ್ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅವನ್ನು ಶ್ರುತಿ ಅಳೆಯುವ ಮೀಟರಿನ ಮುಳ್ಳು ನೋಡಿಕೊಂಡು ಸರಿಮಾಡುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕಿವಿಯ ಯಂತ್ರ ಹುಡುಕಿದ. ಪ್ರತಿ ಪುಟವೂ ಏನೋ ಅನುಮತಿ ಕೇಳಿತು. ಗಿರಾಕಿ ಕಾಯುತ್ತಿರುವಾಗ ಓದುತ್ತ ಕೂರುವವರು ಯಾರು? ಅಂಗಡಿಯ ರೂಢಿಯಂತೆ 'ಎಲ್ಲವನ್ನೂ ಒಪ್ಪುತ್ತೇನೆ' ಎಂಬುದನ್ನು ಟಪಟಪ ಒತ್ತಿ ಮುಂದೆ ಹೋದ.

ಅದೇ ಕಂಪ್ಯೂಟರಿನ ಮುಂದೆ ಗಿರಾಕಿಗಳನ್ನು ಕೂರಿಸಿ ಪಿಯಾನೊಗೆ ಬೇಕಾದ ತಂತಿ, ಸುತ್ತಿಗೆ, ಫೆಲ್ಟು ಬಟ್ಟೆ ಆರಿಸುವಂತೆ ಮಾಡುವುದು ಬಾಮೈದನ ಕೆಲಸ. ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಕರೆತಂದು, ವಿದ್ಯೆ ಕಲಿಸಿ, ಪಕ್ಕದಲ್ಲಿ ಕುರ್ಚಿ ಕೊಟ್ಟವನು ಶ್ರುತಿಯಣ್ಣನೇ. ಹಾವಿಗೆ ಹಾಲೆರೆದಿದ್ದು ತಿಳಿದದ್ದು, ಹದಿನಾಲ್ಕು ಪಿಯಾನೊಗಳಿರುವ ಸಂಗೀತ ಶಾಲೆಯ ಮೇಡಂ ಬಂದು ಕೂತ ದಿನ. ತಂತಿಯ ಪುಟದ ಪಕ್ಕದಲ್ಲಿ ಕಿವಿಯ ಯಂತ್ರದ ಜಾಹೀರಾತು ಕುಣಿಯಿತು. ಇನ್ನೊಂದು ಪುಟ ತೆರೆದರೆ ಅಲ್ಲೂ ಅದೇ.

"ನೋಡಿ ಮೇಡಂ," ಎಂದು ಬಾಮೈದ ನಕ್ಕ. "ಯಾರು ಏನು ಹುಡುಕ್ತಾರೋ ಅದೇ ಇದ್ರಲ್ಲಿ ಬರೋದು. ನಾನಂತೂ ಹುಡುಕಿಲ್ಲ. ಈ ಅಂಗಡೀಲಿ ಇರೋದು ಇಬ್ರೇ. ಉಳಿದಿದ್ದು ನಿಮಗೇ ಬಿಟ್ಟಿದ್ದು."

ಕಡ್ಡಿ ಗುಡ್ಡವಾಗಲು ಒಂದು ವಾರ ಸಾಕಾಯಿತು. ಶಾಲೆಯಿಂದ ಫೋನು ಬಂತು: ಈ ಸಲದ ಕೆಲಸ ಯಾರಿಗೆಂದು ಇನ್ನೂ ಯೋಚಿಸುತ್ತಿದ್ದೇವೆ. ಆ ಹದಿನಾಲ್ಕು ಪಿಯಾನೊಗಳನ್ನು ಬಿಟ್ಟರೆ ಶ್ರುತಿಯಣ್ಣನಿಗೆ ತಾನು ಯಾರೆಂದು ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಹುಡುಕಿದ್ದೇ ಜಾಹೀರಾತಾಗಿ ಬರುವುದು ಹೇಗೆಂದು ಎದುರಿನ ಕಂಪ್ಯೂಟರ್ ರಿಪೇರಿಯ ಹೆಂಗಸನ್ನು ಕೇಳಿದ.

"ಅದಕ್ಕೆ ಕುಕೀ ಅಂತಾರೆ ಅಣ್ಣ," ಎಂದಳು ಆಕೆ, ಸ್ಕ್ರೂ ತಿರುಗಿಸುತ್ತಲೇ. "ನೀವು ಹೋದ ವೆಬ್‌ಸೈಟು ನಿಮ್ಮ ಬ್ರೌಸರಿನಲ್ಲಿ ಒಂದು ಚೀಟಿ ಇಟ್ಟು ಹೋಗುತ್ತೆ. ಮತ್ತೆ ಹೋದಾಗ ಚೀಟಿ ನೋಡಿ ಗುರುತು ಹಿಡಿಯುತ್ತೆ. ಕೆಲವು ಬೇಕೇ ಬೇಕು, ಇಲ್ದಿದ್ರೆ ನೀವು ಆರಿಸಿಟ್ಟ ಸಾಮಾನೂ ಮರೆತುಬಿಡುತ್ತೆ. ಜಾಹೀರಾತಿನವರದ್ದು ಬೇರೆ ಜಾತಿ. ಒಬ್ಬನೇ ನೂರು ಸೈಟಿನಲ್ಲಿ ಕೂತಿರ್ತಾನೆ, ಎಲ್ಲಿ ಹೋದ್ರೂ ಬೆನ್ನು ಬಿಡಲ್ಲ."

"ಬಿಡಿಸೋದು ಹೇಗೆ?"

"ಸೆಟ್ಟಿಂಗಿಗೆ ಹೋಗಿ ಅಳಿಸಿ. ಇನ್ಮೇಲೆ 'ಅಗತ್ಯವಾದವು ಮಾತ್ರ' ಅನ್ನೋದನ್ನ ಒತ್ತಿ. ಸಣ್ಣ ಅಕ್ಷರದಲ್ಲಿ ಮೂಲೇಲಿ ಬಚ್ಚಿಟ್ಟಿರ್ತಾರೆ, ಹುಡುಕಬೇಕು. ಇನ್ನೊಂದು ಮಾತು ಅಣ್ಣ, ಆ ಚೀಟಿಗೆ ಗೊತ್ತಿರೋದು ಬ್ರೌಸರು. ಅದರ ಮುಂದೆ ಕೂತೋರು ಯಾರು ಅಂತ ಅದಕ್ಕೇನು ಗೊತ್ತು?"

ಆ ಕೊನೆಯ ಮಾತನ್ನು ಶ್ರುತಿಯಣ್ಣ ಮನೆಯವರೆಗೂ ಚಪ್ಪರಿಸುತ್ತ ನಡೆದ.

ಬಾಮೈದನ ತಲೆಯ ಮೇಲಿನ ದಟ್ಟ ಕ್ರಾಪು ವಿಗ್ ಎಂಬುದು ಮನೆಯವರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಶ್ರುತಿಯಣ್ಣ ಬೇಗ ಬಂದು ಹಳೆಯ ಕುಕೀಗಳನ್ನೆಲ್ಲ ಅಳಿಸಿದ. ಆಮೇಲೆ ವಿಗ್ ಮಾರುವ ಒಂಬತ್ತು ವೆಬ್‌ಸೈಟುಗಳಿಗೆ ಹೋದ. ಒಂಬತ್ತರಲ್ಲೂ, ಈ ಸಲ ಬೇಕೆಂದೇ, 'ಎಲ್ಲವನ್ನೂ ಒಪ್ಪುತ್ತೇನೆ' ಎಂಬುದನ್ನು ಒತ್ತಿದ. ವರ್ಷಗಳಿಂದ ಯಾವ ಪಿಯಾನೊವೂ ಕೊಡದಷ್ಟು ಸುಖವನ್ನು ಆ ಒಂಬತ್ತು ಒತ್ತುಗಳು ಕೊಟ್ಟವು.

ಅಂದು ಮೇಡಂ ಕೆಲಸದ ಮಾತು ಮುಗಿಸಲು ಬರುವವರಿದ್ದರು. ಬಂದರು. ಇನ್ನೂ ಮೂವರು ಗಿರಾಕಿಗಳಿದ್ದರು. ಬಾಮೈದ ಗತ್ತಿನಿಂದ ಪುಟ ತೆರೆದ. 'ಬೊಕ್ಕತಲೆಯೇ? ಬಿರುಗಾಳಿಗೂ ಹಾರದ ವಿಗ್!' ಇನ್ನೊಂದು ಪುಟ ತೆರೆದ. ಅಲ್ಲೂ ವಿಗ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವನು ತಲೆ ಮುಟ್ಟಿಕೊಂಡ. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು.

"ನಂದಲ್ಲ ಇದು!" ಎಂದು ಕಿರುಚಿದ. "ಈ ಹಾಳು ಡಬ್ಬ ಯಾರೋ ನೋಡಿದ್ದನ್ನ ಇನ್ಯಾರಿಗೋ ತೋರ್ಸುತ್ತೆ! ಇದನ್ನ ನಂಬೋಕಾಗುತ್ತಾ?"

"ಹೌದಾ?" ಶ್ರುತಿಯಣ್ಣ ಮೆಲ್ಲಗೆ ಕೇಳಿದ. "ಹಾಗಾದ್ರೆ ಆವತ್ತಿನ ಕಿವಿ ಯಂತ್ರ?"

ಬಾಮೈದ ತಾನು ತೋಡಿದ ಗುಂಡಿಯ ಆಳ ನೋಡಿದ. ಬೇರೆ ದಾರಿಯಿರಲಿಲ್ಲ. "ಅದೂ... ಅಷ್ಟೇ ಭಾವ."

"ಮೇಡಂ ಮುಂದೆ ಆಡಿದ ಮಾತು. ಮೇಡಂ ಮುಂದೇನೇ ತಪ್ಪಾಯ್ತು ಅನ್ನು."

ಬಾಮೈದ ತಲೆ ತಗ್ಗಿಸಿ, ತನ್ನ ಕೀರಲು ದನಿಯನ್ನು ಕುಗ್ಗಿಸಿ ತುಟಿ ಅಲುಗಿಸಿದ. ಅಂಗಡಿ ಸ್ತಬ್ಧವಾಗಿತ್ತು.

"ಇನ್ನೊಂದ್ಸಲ ಹೇಳು," ಎಂದ ಶ್ರುತಿಯಣ್ಣ. "ಜೋರಾಗಿ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಬಾಮೈದನ ಕಣ್ಣಲ್ಲಿ ನೀರಾಡಿತು. "ತಪ್ಪಾಯ್ತು ಭಾವ!" ಎಂದು ಬೀದಿಗೆ ಕೇಳುವಂತೆ ಕೂಗಿ ಒಳಕೋಣೆಗೆ ಓಡಿದ.

"ನೀವು ಬಹಳ ಕಠಿಣ ಮನುಷ್ಯರು," ಎಂದರು ಮೇಡಂ. ಆದರೂ ಹದಿನಾಲ್ಕು ಪಿಯಾನೊಗಳ ಪಟ್ಟಿಯನ್ನು ಅವನ ಕೈಗೇ ಕೊಟ್ಟರು.

ಶ್ರುತಿಯಣ್ಣ ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡ. ಸೇಡಿಗಾಗಿಯೇ ಎರಡು ಸಲ ಹೇಳಿಸಿದನೆಂದು ಬೀದಿ ಇವತ್ತಿಗೂ ಆಡಿಕೊಳ್ಳುತ್ತದೆ. ಹಾಗೇ ಅಂದುಕೊಳ್ಳಲಿ ಎಂದು ಅವನೂ ಸುಮ್ಮನಿದ್ದಾನೆ. ಅಷ್ಟು ದಿನ ಕಾದು ಕೂತಿದ್ದ ಆ ಒಂದು ಮಾತು ಮೊದಲ ಸಲ ಅವನಿಗೆ ಕೇಳಿಸಿರಲೇ ಇಲ್ಲ.