ಏಳನೆಯ ಹದ್ದು

ಟ್ರಂಕಿನ ತಳದಲ್ಲಿದ್ದ ದುರ್ಬೀನಿನ ಚೀಲವನ್ನು ಇವತ್ತು ತೆರೆದೆ. ಪಂಚರ್ ಸಲ್ಯೂಷನ್ನಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಚೀಲದ ಹರಿದ ಮೂಲೆಗೆ ಟ್ಯೂಬಿನ ತುಂಡು ಅಂಟಿಸಿದವರು ಪಕ್ಕದ ಮನೆಯ ಕಾಕಾ. ಕೂಡ್ಲಿಗಿ ಕಡೆಯ ನಮ್ಮ ಊರಿನಲ್ಲಿ ಅವರದು ಸೈಕಲ್ ಅಂಗಡಿ.

ಅಂಗೈಯಲ್ಲಿ ಮಡಚಿ ಹಿಡಿಯುವಷ್ಟು ಸಣ್ಣ ದುರ್ಬೀನು. ಹಕ್ಕಿ ನೋಡಲೆಂದು ಹೊಸಪೇಟೆಯಿಂದ ತಂದಿದ್ದರು. ಅವರು ನೋಡಿ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ನಾಲ್ಕು ನೇರ, ಐದನೆಯದು ಅಡ್ಡ. ತೊಂಬತ್ತರ ದಶಕದ ಕೊನೆ. ನಾನಾಗ ಆರನೇ ಕ್ಲಾಸು.

ಸೀತಾಫಲದ ಕಾಲದಲ್ಲಿ ಮಾತ್ರ ದುರ್ಬೀನಿಗೆ ಬೇರೆ ಕೆಲಸ. ಅವ್ವ ಮತ್ತು ಓಣಿಯ ಹೆಂಗಸರು ಗುಡ್ಡದಲ್ಲಿ ಹಣ್ಣು ಕೀಳಲು ಹೋಗುತ್ತಿದ್ದರು. ಕರಡಿಗೂ ಆ ಹಣ್ಣೇ ಬೇಕು. ಗುಡ್ಡದಲ್ಲಿ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ‘ಕರೇದು’ ಅನ್ನುತ್ತಿದ್ದರು. ಕಾಕಾ ಎತ್ತರದ ಬಂಡೆಯ ಮೇಲೆ ಕುಳಿತು ಪೊದೆಗಳನ್ನು ಕಾಯುತ್ತಿದ್ದರು. ಪಕ್ಕದಲ್ಲಿ ನಾನು, ಹಳೆಯ ಸೈಕಲ್ ರಿಮ್ಮು, ಬಾರಿಸಲು ನಟ್ಟು ಬಿಚ್ಚುವ ಒಂದು ಪಾನಾ. ಸದ್ದು ಕೇಳಿದರೆ ಬುಟ್ಟಿ ಬಿಟ್ಟು ದಾರಿಗೆ ಇಳಿಯಬೇಕು.

“ಯಣ್ಣಾ, ಹಕ್ಕಿ ನೋಡ್ಕೋತ ನಮ್ಮನ್ನ ಮರ್ತೀರಿ ಮತ್ತ!” ಎಂದು ಅವ್ವ ಕೆಳಗಿನಿಂದ ಕೂಗುತ್ತಿದ್ದಳು.

“ನಿನ್ನ ಬಾಯಿಗೆ ಅಂಜಿ ಕರೇದು ಆಂಧ್ರಕ್ಕ ಹೋಗೇತಿ ಬಿಡವ್ವಾ!”

ಆವತ್ತು ಮಂಗಳವಾರ. ಕಾಕಾ ನೀರು ತರಲು ಬಂಡೆಯ ಹಿಂದಿನ ದೊಣೆಗೆ ಹೊರಟರು. ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, “ಕೆಳಗ ನೋಡಬೇ. ಮ್ಯಾಲ ನೋಡಬ್ಯಾಡ,” ಅಂದರು.

ನಾನು ಮೇಲೆ ನೋಡಿದೆ. ಹದ್ದುಗಳು ಸುತ್ತುತ್ತಿದ್ದವು. ಆರು ಗೀಟು ಹಾಕಿದೆ. ಏಳನೆಯದು ಎದುರಿನ ಬಂಡೆಯ ಮರೆಗೆ ಹೋಯಿತು... ಮತ್ತೆ ಬರಲಿ ಎಂದು ಕಾದೆ. ಬಂತು. ಗೀಟು ಹಾಕಿ ದುರ್ಬೀನನ್ನು ಕೆಳಗೆ ತಿರುಗಿಸಿದರೆ ಗಾಜಿನ ತುಂಬ ಕಪ್ಪು ಕೂದಲು. ಅದರಾಚೆ ಅವ್ವನ ನೀಲಿ ಸೀರೆ. ಅವ್ವ ಬೆನ್ನು ಹಾಕಿ ಹಣ್ಣು ಕೀಳುತ್ತಿದ್ದಳು.

ಪಾನಾ ಕೈಗೆ ಸಿಕ್ಕಿತು, ಕೈ ಮೇಲೇಳಲಿಲ್ಲ. ಬಾಯಿ ಒಣಗಿತು. ನಾನು ಮಿಸುಕಿದರೆ ಅದು ಗಾಜಿನೊಳಗಿಂದ ನನ್ನನ್ನೇ ನೋಡುತ್ತದೆ ಅನಿಸಿತು...

ಕಾಕಾ ಬಂದು ಪಾನಾ ಕಿತ್ತುಕೊಂಡರು. ರಿಮ್ಮು ಬಾರಿಸುತ್ತಲೇ ಕೆಳಗೆ ಓಡಿದರು. ಅವ್ವ ದಾರಿಗೆ ಇಳಿದಳು. ಕರಡಿ ಸದ್ದಿನ ಕಡೆಗೆ ತಿರುಗಿತು.

ಆಸ್ಪತ್ರೆಯಿಂದ ಮರಳಿದಾಗ ಅವರಿಗೆ ಎಡಗಣ್ಣು ಇರಲಿಲ್ಲ. ಕರಡಿ ಅಷ್ಟು ಹತ್ತಿರ ಬರುವವರೆಗೂ ರಿಮ್ಮು ಯಾಕೆ ಬಾರಿಸಲಿಲ್ಲ ಎಂದು ಓಣಿಯವರು ಕೇಳಿದರು. ಈಗ ಹೇಳಿಬಿಡುತ್ತಾರೆ ಎಂದು ನಾನು ಅವ್ವನ ಸೆರಗಿನ ಮರೆಗೆ ಸರಿದೆ.

“ಹದ್ದು ನೋಡ್ಕೋತ ಕುಂತಿದ್ನೆಪಾ. ನಂದ ತಪ್ಪು,” ಅಂದರು ಕಾಕಾ.

ಆಮೇಲೆ ಯಾರೂ ಅವರನ್ನು ಕಾವಲಿಗೆ ಕರೆಯಲಿಲ್ಲ. “ಹಕ್ಕಿ ಹುಚ್ಚಿಗೆ ನನ್ನ ಕೊಲ್ಲಿಸ್ತಿದ್ದ,” ಎಂದು ಅವ್ವನೂ ಅಂದಳು. ಕೆಲವು ದಿನಗಳ ನಂತರ ಕಾಕಾ ಚೀಲಕ್ಕೆ ತೇಪೆ ಹಾಕಿ ದುರ್ಬೀನನ್ನು ನನಗೇ ಕೊಟ್ಟರು. “ಒಂದ ಕಣ್ಣಿಗೆ ಎರಡು ನಳಿಗಿ ಯಾಕಬೇ?” ಎಂದು ನಕ್ಕರು.

ಕಾಕಾ ತೀರಿಕೊಂಡು ವರ್ಷಗಳಾದವು. ಆ ಮಂಗಳವಾರದ ಪುಟದಲ್ಲಿ ‘ಹದ್ದು’, ಮುಂದೆ ಏಳು ಗೀಟು, ಅಷ್ಟೇ. ಇವತ್ತು ಅದರ ಕೆಳಗೆ ಒಂದು ಸಾಲು ಬರೆದೆ: ದುರ್ಬೀನು ನನ್ನ ಕೊರಳಲ್ಲಿತ್ತು.

ಅವ್ವ ಹಿತ್ತಿಲಲ್ಲಿ ಬೆನ್ನು ಹಾಕಿ ಕೂತಿದ್ದಾಳೆ. ನೋಟ್‌ಬುಕ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಕರೆಯಬೇಕು... ಬಾಯಿ ಒಣಗುತ್ತಿದೆ.