ಹೆಡ್ವಿಗ್ ಅವರ ಟ್ರ್ಯಾಕ್ಟರಿಗೆ ಹಸಿರು ಚೀಟಿ ಬೇಕಿಲ್ಲ

ಬೆಳಗಿನ ಐದೂ ಕಾಲು. ಟ್ರ್ಯಾಕ್ಟರು ಮೂರು ಸಲ ಕೆಮ್ಮಿ, ನಾಲ್ಕನೆಯ ಸಲಕ್ಕೆ ಕರಿ ಹೊಗೆ ಉಗುಳಿ ಗುಡುಗುಟ್ಟತೊಡಗುತ್ತದೆ. ಅರವತ್ತೆರಡರ ಹೆಡ್ವಿಗ್ ಕ್ಯೂಬ್ಲರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಥೂ ನಿನ್ನ! ಊರನ್ನೆಲ್ಲ ಎಬ್ಬಿಸ್ತೀಯಲ್ಲೋ" ಎಂದು ಅದಕ್ಕೆ ಬೈದು ಹತ್ತಿ ಕೂರುತ್ತಾರೆ. ಹಿಂದಿನ ಗಾಡಿಯಲ್ಲಿ ನಾನೂರು ಕಿಲೋ ಹೊಸ ಆಲೂಗೆಡ್ಡೆ, ಅರವತ್ತು ಲೆಟ್ಯೂಸ್, ಎರಡು ಬುಟ್ಟಿ ಕೆಂಪು ಮೂಲಂಗಿ. ಆಲ್ಟ್‌ಬ್ರುನ್ ನಗರದ ಸಂತೆಗೆ ಹತ್ತೊಂಬತ್ತು ಕಿಲೋಮೀಟರು. ಈ ಮುದಿ ಗಾಡಿ ಓಡುವುದು ಗಂಟೆಗೆ ಇಪ್ಪತ್ತೈದು, ಅದೂ ಇಳಿಜಾರಿನಲ್ಲಿ.

ಕೊಟ್ಟಿಗೆಯಲ್ಲಿ ವ್ಯಾನ್ ಇಲ್ಲವೇ ಎಂದರೆ, ಇದೆ. ಗಟ್ಟಿಮುಟ್ಟಾಗಿದೆ, ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಹೊರಡುತ್ತದೆ. ಆದರೆ ಅದರ ಗಾಜಿನ ಮೇಲಿರುವುದು, ಬಿಡುವ ಹೊಗೆ ಎಷ್ಟೆಂದು ಸಾರುವ ಹಳದಿ ಚೀಟಿ. ನಗರದೊಳಕ್ಕೆ ಹೋಗಲು ಹಸಿರು ಚೀಟಿಯೇ ಬೇಕು. ಡೀಸೆಲ್ ಹೊಗೆ ಸೋಸುವ ಫಿಲ್ಟರ್ ಹಾಕಿಸಿದರೆ ಹಸಿರು ಸಿಗುತ್ತದೆ, ಸರಿ. ಆ ಮಾದರಿಯ ವ್ಯಾನಿಗೆ ಫಿಲ್ಟರನ್ನು ಯಾರೂ ತಯಾರಿಸಲೇ ಇಲ್ಲ! ಹೊಸ ವ್ಯಾನ್ ಕೊಳ್ಳುವುದು ಆಲೂಗೆಡ್ಡೆ ಮಾರುವವರ ಕೈಗೆಟುಕುವ ಮಾತಲ್ಲ.

"ವಿನಾಯಿತಿ ಕೇಳೋಕೆ ಕಚೇರಿಗೆ ಹೋದೆ," ಎನ್ನುತ್ತಾರೆ ಹೆಡ್ವಿಗ್. "ನಾನು ಬಡವಿ ಅಂತ ತೋರಿಸೋಕೇ ಹನ್ನೊಂದು ಕಾಗದ. ಎರಡು ವರ್ಷ ಕೊಟ್ರು. ಮೂರನೇ ವರ್ಷ ಆಗಲ್ಲ ಅಂದ್ರು. ಯಾಕ್ರೀ, ಈ ವರ್ಷ ನಾನು ಸಾಹುಕಾರ್ತಿ ಆಗಿಬಿಟ್ನಾ ಅಂತ ಕೇಳಿದೆ. ಆ ಗುಮಾಸ್ತೆ ಪಾಪ ಒಳ್ಳೆಯವಳು. ಮೆಲ್ಲಗೆ ಹೇಳಿದ್ಲು: ಅಮ್ಮಾ, ಟ್ರ್ಯಾಕ್ಟರಿಗೆ ಚೀಟಿಯೇ ಬೇಡ, ಅದರಲ್ಲಿ ಬನ್ನಿ. ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ನನ್ನ ವ್ಯಾನು ವಾರವಿಡೀ ಉಗುಳೋ ಹೊಗೇನ ಇದು ಒಂದೇ ಬೆಳಿಗ್ಗೆ ಉಗುಳುತ್ತೆ!"

ಅವರು ಹೇಳುವುದು ನಿಜ. ಹೊಲ ಉಳುವ ಯಂತ್ರಗಳಿಗೆ ನಿಯಮದಲ್ಲೇ ವಿನಾಯಿತಿ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಗೆ ಬರೆ ಎಳೆದು ಎತ್ತಿಗೆ ಹಾರ ಹಾಕಿ ಕಳಿಸಿದ್ದಾರೆ.

ವಾರಕ್ಕೆ ಎರಡು ಸಂತೆ, ಬುಧವಾರ ಮತ್ತು ಶನಿವಾರ. ಏಳುವುದು ಮೂರೂ ಮುಕ್ಕಾಲಿಗೆ. ವ್ಯಾನಿನಲ್ಲಾದರೆ ಇಪ್ಪತ್ತೈದು ನಿಮಿಷದ ದಾರಿ, ಈಗ ಒಂದು ಗಂಟೆ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ, ಮಳೆ ಬಂದರೆ ಬೆನ್ನೆಲ್ಲ ತೊಪ್ಪೆ. ಸೊಂಟದ ಮಾತು ಬೇಡವೇ ಬೇಡ. ಇದೆಲ್ಲ ಸಂತೆಯಲ್ಲಿರುವ ಗಾರೆಗಂಬದ ಪಕ್ಕದ ಮೂರು ಮೀಟರು ಜಾಗಕ್ಕಾಗಿ. ಅಲ್ಲಿ ಮೊದಲು ಅವರ ತಾಯಿ ನಿಲ್ಲುತ್ತಿದ್ದರು, ಮೂವತ್ತೊಂದು ವರ್ಷಗಳಿಂದ ಹೆಡ್ವಿಗ್ ನಿಲ್ಲುತ್ತಿದ್ದಾರೆ. ಸಂತೆಯ ಕಟ್ಟಳೆ ಬಿಗಿ: ಆರೂವರೆಯೊಳಗೆ ಮೇಜು ಹಾಕಿರಬೇಕು, ವರ್ಷದಲ್ಲಿ ಮೂರು ಸಲ ತಡವಾದರೆ ಜಾಗ ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ. ಒಮ್ಮೆ ಟೈರು ಸಿಡಿದು, ಇನ್ನೊಮ್ಮೆ ರಸ್ತೆ ಅಗೆದು ಈಗಾಗಲೇ ಎರಡು ಸಲ ತಡವಾಗಿದೆ. ಇನ್ನೊಂದೇ ಬಾಕಿ.

ಇಂದು ನಗರದ ಅಂಚಿನ ಹಸಿರು ವಲಯದ ಫಲಕದ ಬಳಿ ಹೊಸ ಮುಖದ ಪೊಲೀಸ್ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿಯುತ್ತಾರೆ. ಗಂಟೆ ಆರೂ ಎಂಟು.

"ಚೀಟಿ ಎಲ್ಲಮ್ಮಾ?"

"ಟ್ರ್ಯಾಕ್ಟರಿಗೆ ಬೇಡ ಸ್ವಾಮಿ. ಅಂಟಿಸೋಕೆ ಇದಕ್ಕೆ ಗಾಜೇ ಇಲ್ಲ, ನೋಡಿ."

"ಇಷ್ಟು ಹೊಗೆ ಬಿಡೋದಕ್ಕೆ ಬೇಡ ಅಂದ್ರೆ ಯಾರು ನಂಬ್ತಾರೆ?"

"ನಾನೂ ನಂಬಲಿಲ್ಲ! ಬರೆದವರನ್ನ ಕೇಳಿ."

ಹೆಡ್ವಿಗ್ ನಿಯಮದ ಹಾಳೆಯನ್ನು ಪ್ಲಾಸ್ಟಿಕ್ ಹೊದಿಸಿಯೇ ಇಟ್ಟುಕೊಂಡಿದ್ದಾರೆ. ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ಓದುತ್ತಾರೆ. ಯಾವುದಕ್ಕೂ ಕಚೇರಿಗೆ ಕೇಳಬೇಕು, ಕಚೇರಿ ತೆರೆಯುವುದು ಎಂಟಕ್ಕೆ ಎನ್ನುತ್ತಾರೆ. ಎಂಟಕ್ಕೆ! ಹೆಡ್ವಿಗ್ ಹಣೆ ಚಚ್ಚಿಕೊಳ್ಳುತ್ತಾರೆ. ರಸ್ತೆ ಇಕ್ಕಟ್ಟು, ಹಿಂದೆ ಕಾರುಗಳ ಸಾಲು ಬೆಳೆಯುತ್ತದೆ, ಹಾರನ್ನುಗಳು ಅರಚುತ್ತವೆ.

ಆರೂ ಇಪ್ಪತ್ತರ ಹೊತ್ತಿಗೆ ಸಾಲಿನೊಳಗಿಂದ ಒಬ್ಬರು ಸರಸರನೆ ನಡೆದು ಬರುತ್ತಾರೆ. ನೋಡಿದರೆ ಎಗ್ಗೆರ್ಟ್ ರಾಪ್, ಸಂತೆಯ ಮೇಲ್ವಿಚಾರಕರು. ತಡವಾದವರ ಹೆಸರು ಬರೆಯುವ ಪುಸ್ತಕ ಇವರದೇ.

"ಇವರನ್ನ ಬಿಡ್ರೀ," ಎಂದು ರಾಪ್ ಗದರುತ್ತಾರೆ. "ಟ್ರ್ಯಾಕ್ಟರಿಗೆ ಚೀಟಿ ಬೇಡ, ಊರಿಗೆಲ್ಲ ಗೊತ್ತು. ನೀವೂ ಅಷ್ಟೇ, ಕ್ಯೂಬ್ಲರಮ್ಮ, ಆರೂವರೆ ಅಂದ್ರೆ ಆರೂವರೆ. ದಾರೀಲಿ ಪೊಲೀಸ್ ಹಿಡಿದ್ರು ಅಂತ ನಾನು ಗಡಿಯಾರ ನಿಲ್ಲಿಸಲ್ಲ."

ಮೇಲ್ವಿಚಾರಕರ ಮಾತಿಗೆ ಅಧಿಕಾರಿ ಹಾಳೆಯನ್ನು ಮತ್ತೊಮ್ಮೆ, ಈ ಸಲ ಕೊನೆಯ ಸಾಲಿನವರೆಗೂ ಓದುತ್ತಾರೆ. ಆರೂವರೆಗೆ ಸರಿಯಾಗಿ ತಲೆಯಾಡಿಸಿ ಟ್ರ್ಯಾಕ್ಟರಿಗೆ ದಾರಿ ಬಿಡುತ್ತಾರೆ. ಬಿಟ್ಟವರು ರಾಪ್ ಅವರ ಕಡೆ ತಿರುಗುತ್ತಾರೆ. "ಆ ಬಿಳಿ ಕಾರು ನಿಮ್ಮದಾ? ಅದರ ಚೀಟಿ ಎಲ್ಲಿ?"

"ಹೋದ ವಾರ ಮುಂದಿನ ಗಾಜು ಒಡೆದು ಬದಲಾಯಿಸಿದೆ. ಚೀಟಿ ಹಳೇ ಗಾಜಿನ ಜೊತೆ ಹೋಯ್ತು. ಅದು ಕರೆಂಟಿನ ಕಾರ್ರೀ! ಹೊಗೆ ಎಲ್ಲಿಂದ ಬರುತ್ತೆ?"

"ಹೊಗೆ ಬರಲ್ಲ ಅಂತ ಚೀಟಿ ಹೇಳ್ಬೇಕು ಸ್ವಾಮಿ. ನೀವು ಹೇಳಿದ್ರೆ ಆಗಲ್ಲ."

ಕರೆಂಟಿನ ಕಾರಿಗೂ ಹಸಿರು ಚೀಟಿ ಬೇಕೆಂಬುದೂ ನಿಯಮವೇ. ಹೊಗೆಯಿಲ್ಲದ ಕಾರು ದಂಡಕ್ಕೆ ನಿಲ್ಲುತ್ತದೆ, ಹೊಗೆಯ ಒಲೆ ಗುಡುಗುಡು ಎನ್ನುತ್ತ ವಲಯದೊಳಕ್ಕೆ ಹೊರಡುತ್ತದೆ. ಹಿಂತಿರುಗಿ ನೋಡಿದ ಹೆಡ್ವಿಗ್‌ಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. "ನನ್ನ ಪರ ಮಾತಾಡೋಕೆ ಬಂದು ಸಿಕ್ಕಿಹಾಕ್ಕೊಂಡ್ರಲ್ಲ ಆ ಮನುಷ್ಯ. ಇದೆಂಥ ನ್ಯಾಯ ಸಾಯ್ಲಿ!"

ಗಾರೆಗಂಬದ ಬಳಿ ತಲುಪುವಾಗ ಆರೂ ಮೂವತ್ತೇಳು. ಪಕ್ಕದಲ್ಲಿ ಚೀಸ್ ಮಾರುವ ಇರ್ಮ್‌ಗಾರ್ಡ್ ಓಡಿಬಂದು ಬುಟ್ಟಿ ಇಳಿಸುತ್ತಾರೆ. "ರಾಪ್ ಇನ್ನೂ ಬಂದಿಲ್ಲ ಕಣೇ. ಆರೂಕಾಲಿಗೇ ಬಂದೆ ಅಂತ ಹೇಳಿಬಿಡು, ನಾವೆಲ್ಲ ಹೌದು ಅಂತೀವಿ."

ಆರೂ ನಲವತ್ತೆಂಟಕ್ಕೆ ರಾಪ್ ನಡೆದು ಬರುತ್ತಾರೆ. ಕಾರನ್ನು ವಲಯದ ಹೊರಗೇ ಬಿಟ್ಟು ಬಂದಿದ್ದಾರೆ, ಅಂಗಿ ಬೆವರಿನಲ್ಲಿ ತೊಯ್ದಿದೆ. ಹೆಡ್ವಿಗ್ ಅವರ ಮೇಜಿನ ಮುಂದೆ ನಿಂತು ತಮ್ಮ ಪುಸ್ತಕ ಬಿಚ್ಚುತ್ತಾರೆ.

"ಎಷ್ಟಕ್ಕೆ ಬಂದ್ರಿ?"

ಇರ್ಮ್‌ಗಾರ್ಡ್ ಕಣ್ಣು ಮಿಟುಕಿಸುತ್ತಾರೆ. ಹೆಡ್ವಿಗ್ ಆ ಕಡೆ ನೋಡುವುದಿಲ್ಲ. "ಆರೂ ಮೂವತ್ತೇಳು. ತಡವೇ. ಬರೆದುಕೊಳ್ಳಿ."

ರಾಪ್ ಪೆನ್ನು ತೆಗೆದು ಅವರ ಹೆಸರಿನ ಮುಂದೆ ಹಾಜರಿಯ ಗುರುತು ಹಾಕುತ್ತಾರೆ. "ಕೇಳಿದ್ದನ್ನೆಲ್ಲ ಬರೀಬೇಕು ಅಂತ ನಿಯಮ ಇಲ್ಲ. ಕಂಡದ್ದನ್ನ ಬರೀಬೇಕು. ನಾನು ಬಂದಾಗ ನೀವಿಲ್ಲಿದ್ರಿ. ಎರಡು ಕಿಲೋ ಆಲೂಗೆಡ್ಡೆ ಹಾಕಿ."

ಅವರು ಚೀಲ ಹಿಡಿದು ಮುಂದೆ ಹೋದ ಮೇಲೆ ಹೆಡ್ವಿಗ್ ತಕ್ಕಡಿ ಒರೆಸಿಡುತ್ತಾರೆ. ಕಣ್ಣು ತುಂಬಿದೆ, ಬಾಯಲ್ಲಿ ಮಾತ್ರ ಸಿಡಿಮಿಡಿ.

"ಜಾಗ ಉಳೀತು, ಸರಿ. ಆದ್ರೆ ಇನ್ನೊಬ್ಬರ ದಯದಿಂದ ಉಳಿಯೋದು ನನಗಾಗಲ್ಲ. ಹಸಿರು ಚೀಟಿಯ ಒಂದು ಹಳೇ ವ್ಯಾನು ಸಿಕ್ಕಿದ್ರೆ ಸಾಕು ನನಗೆ. ಆಮೇಲೆ ಒಂದು ನಿಮಿಷ ತಡವಾದ್ರೂ ತಡ ಅಂತಲೇ ಬರೀಲಿ, ತಕರಾರು ಮಾಡಲ್ಲ."